ಮೊದಲು ಸೀಟು, ಆಮೇಲೆ ಪಾಯಿಂಟು: ಮೈಲ್ಸ್‌ನಲ್ಲಿ ಬಿಸಿನೆಸ್ ಕ್ಲಾಸ್ ಹಿಡಿಯುವ ಕ್ರಮ

ಚಿಕ್ಕಬಳ್ಳಾಪುರದ ಕಡೆ ಎಷ್ಟೋ ಮನೆಗಳ ಮಕ್ಕಳು ಲಂಡನ್, ಸಿಂಗಪುರ, ಅಮೆರಿಕದಲ್ಲಿ ನೆಲೆಸಿದ್ದಾರೆ. ಮಂಡಿನೋವಿರುವ ಅಪ್ಪ ಅಮ್ಮ ಹತ್ತು ಗಂಟೆ ಕಾಲು ಮಡಚಿಕೊಂಡು ಕೂತು ಹೋಗುವುದು ಸಣ್ಣ ಮಾತಲ್ಲ. ಅವರನ್ನು ಮಲಗಿಸಿಕೊಂಡು ಹೋಗುವ ಸೀಟನ್ನು ಕ್ರೆಡಿಟ್ ಕಾರ್ಡ್ ಪಾಯಿಂಟುಗಳಲ್ಲಿ ಹೇಗೆ ಪಡೆಯುತ್ತೇನೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಹೆಚ್ಚಿನವರು ಎಡವುವುದು ಒಂದೇ ಕಡೆ. ಪಾಯಿಂಟು ಕೂಡಿದ ಕೂಡಲೇ ಯಾವುದೋ ಏರ್‌ಲೈನ್ ಖಾತೆಗೆ ಕಳಿಸಿಬಿಡುತ್ತಾರೆ (ಅಲ್ಲಿ ಸೇರಿದ ಪಾಯಿಂಟಿಗೇ ಮೈಲ್ಸ್ ಎನ್ನುವುದು), ಆಮೇಲೆ ಸೀಟು ಹುಡುಕುತ್ತಾರೆ. ಬ್ಯಾಂಕಿನಿಂದ ಏರ್‌ಲೈನಿಗೆ ಹೋದ ಪಾಯಿಂಟು ವಾಪಸ್ ಬರುವುದಿಲ್ಲ. ಮೈಲ್ಸ್‌ಗೆ ಬಿಟ್ಟುಕೊಡುವ ಸೀಟು ಪ್ರತಿ ವಿಮಾನದಲ್ಲೂ ಬೆರಳೆಣಿಕೆಯಷ್ಟು. ವಿಮಾನ ಖಾಲಿಯಿದ್ದರೂ ಆ ಕೋಟಾ ಮುಗಿದಿದ್ದರೆ ಮುಗಿಯಿತು. ಹಾಗಾಗಿ ಏರ್‌ಲೈನಿನ ವೆಬ್‌ಸೈಟಿನಲ್ಲಿ ಮೈಲ್ಸ್ ಆಯ್ಕೆಯಿಟ್ಟು ಹುಡುಕಿ, ಬೇಕಾದ ದಿನದ ಆಚೀಚೆ ಸೀಟು ಕಂಡ ಮೇಲೆಯೇ ಪಾಯಿಂಟು ಕಳಿಸಬೇಕು. ಖಾತೆಗೆ ಬಂದು ಸೇರಲು ಕೆಲವಕ್ಕೆ ಕೆಲವು ನಿಮಿಷ ಸಾಕು, ಕೆಲವಕ್ಕೆ ದಿನಗಳೇ ಹಿಡಿಯುತ್ತವೆ. ಒಂದೇ ದಿನ ಸೀಟು ಇದ್ದರೆ ನಾನು ಕೈ ಹಾಕುವುದಿಲ್ಲ. ಎರಡು ಮೂರು ದಿನ ತೆರೆದಿದ್ದರೆ ಮಾತ್ರ ಕಳಿಸುತ್ತೇನೆ.

ಇದಕ್ಕೂ ಮೊದಲಿನ ಕೆಲಸ ಹೆಸರಿನದು. ನಮ್ಮ ಸೀಮೆಯ ಹೆಸರುಗಳಿಗೆ ಇನಿಷಿಯಲ್ಲೇ ದೊಡ್ಡ ತೊಡಕು. ಬ್ಯಾಂಕಿನಲ್ಲಿ 'ಜಿ. ಎಂ. ಆಂಜಿನಪ್ಪ' ಎಂದಿರುತ್ತದೆ. ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿಕೊಂಡು ಹೆಸರಿನ ಜಾಗದಲ್ಲಿ 'ಆಂಜಿನಪ್ಪ', ಸರ್‌ನೇಮ್ ಜಾಗದಲ್ಲಿ 'ಗುಡಿಬಂಡೆ ಮುನಿಯಪ್ಪ' ಎಂದಾಗಿರುತ್ತದೆ. ಕೆಲವರದರಲ್ಲಿ ಸರ್‌ನೇಮ್ ಜಾಗವೇ ಖಾಲಿ. ಏರ್‌ಲೈನ್ ಖಾತೆ ಪಾಸ್‌ಪೋರ್ಟಿನಂತೆ, ಕಾರ್ಡ್ ಇನಿಷಿಯಲ್ಲಿನಂತೆ ಇದ್ದರೆ ಹೆಸರು ತಾಳೆಯಾಗದೆ ವರ್ಗಾವಣೆ ನಿಂತುಬಿಡಬಹುದು. ಏರ್‌ಲೈನ್ ಖಾತೆಯನ್ನು ಪಾಸ್‌ಪೋರ್ಟ್ ಮುಂದಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ನೋಡಿ ತೆರೆಯಿರಿ, ಬ್ಯಾಂಕಿನ ಕೆವೈಸಿಯನ್ನೂ ಅದಕ್ಕೇ ಹೊಂದಿಸಿ. ಇದನ್ನು ಪ್ರಯಾಣದ ಯೋಚನೆ ಬಂದ ದಿನವೇ ಶುರು ಮಾಡಬೇಕು, ಸೀಟು ಕಂಡ ದಿನವಲ್ಲ. ನಿಮ್ಮ ಮೈಲ್ಸ್‌ನಲ್ಲಿ ಅಪ್ಪ ಅಮ್ಮನಿಗೆ ಟಿಕೆಟ್ ಮಾಡುವುದಾದರೆ ಸಿಂಗಪುರ್ ಏರ್‌ಲೈನ್ಸ್‌ನ ಮೈಲ್ಸ್ ಯೋಜನೆಯಾದ ಕ್ರಿಸ್‌ಫ್ಲೈಯರ್‌ನಲ್ಲಿ ಅವರನ್ನು ಮೊದಲೇ ನಾಮಿನಿಯಾಗಿ, ಎಂದರೆ ನಿಮ್ಮ ಮೈಲ್ಸ್‌ನಲ್ಲಿ ಟಿಕೆಟ್ ಪಡೆಯಬಲ್ಲವರಾಗಿ, ಸೇರಿಸಬೇಕು. ಐದು ಜನಕ್ಕೆ ಮಾತ್ರ ಅವಕಾಶ.

ಮೊದಲು ಸೀಟು ಎಂದೆ. ಅದಕ್ಕೆ ಒಂದು ಹೊರತು ಇದೆ: ಬ್ರಿಟಿಷ್ ಏರ್‌ವೇಸ್‌ನ ಬೆಂಗಳೂರು–ಲಂಡನ್. ಇವರು ದೂರಪ್ರಯಾಣದ ಪ್ರತಿ ವಿಮಾನದಲ್ಲೂ ಬಿಸಿನೆಸ್ ಕ್ಲಾಸಿನ ಕನಿಷ್ಠ 4 ಸೀಟುಗಳನ್ನು ಏವಿಯೋಸ್‌ಗೆ (ಇವರ ಮೈಲ್ಸ್‌ಗೆ ಇರುವ ಹೆಸರು) ಖಾತ್ರಿಯಾಗಿ ಇಡುತ್ತಾರೆ. ಅವು ತೆರೆಯುವುದು 355 ದಿನ ಮೊದಲು, ಗ್ರೀನ್‌ವಿಚ್ ಮಧ್ಯರಾತ್ರಿಗೆ. ನಮಗೆ ಬೆಳಗಿನ ಜಾವ 5.30. ಮೇ 20ಕ್ಕೆ ಹೊರಡಬೇಕೆಂದರೆ ಹಿಂದಿನ ವರ್ಷದ ಮೇ 30ರಂದು ನಸುಕಿಗೇ ಲಾಗಿನ್ ಆಗಿ ಕೂರಬೇಕು (ನಡುವೆ ಫೆಬ್ರುವರಿ 29 ಬಂದರೆ ಒಂದು ದಿನ ಮುಂದಕ್ಕೆ). ಆ ಹೊತ್ತಿಗೆ ಏವಿಯೋಸ್ ಖಾತೆಯಲ್ಲಿರಲೇಬೇಕು, ಪಾಯಿಂಟು ಬರಲಿ ಎಂದು ಕಾಯುವಷ್ಟರಲ್ಲಿ ನಾಲ್ಕೂ ಹೋಗಿರುತ್ತವೆ. ಇಲ್ಲಿ ಮೊದಲೇ ಕಳಿಸಿಟ್ಟರೆ ನಷ್ಟವಿಲ್ಲ, ಏಕೆಂದರೆ 36 ತಿಂಗಳೊಳಗೆ ಒಮ್ಮೆ ಗಳಿಸಿದರೂ ಬಳಸಿದರೂ ಏವಿಯೋಸ್‌ನ ಆಯುಷ್ಯ ಮತ್ತೆ ಹೊಸದಾಗಿ ಶುರುವಾಗುತ್ತದೆ. ಕತಾರ್ ಏರ್‌ವೇಸ್ ಕೂಡ 2022ರಿಂದ ಏವಿಯೋಸನ್ನೇ ಬಳಸುತ್ತಿದೆ. ಎರಡೂ ಖಾತೆ ಜೋಡಿಸಿದರೆ ಅತ್ತಿಂದಿತ್ತ ಒಂದಕ್ಕೊಂದರಂತೆ ಸಾಗಿಸಬಹುದು. ಕ್ರಿಸ್‌ಫ್ಲೈಯರ್ ಹಾಗಲ್ಲ. ಗಳಿಸಿ 36 ತಿಂಗಳಾದರೆ, ನಡುವೆ ಎಷ್ಟು ಬಾರಿ ಬಳಸಿದ್ದರೂ, ಉಳಿದದ್ದು ಕಳೆದುಹೋಗುತ್ತದೆ. ಅಲ್ಲಿಗೆ ಮುಂಗಡ ಕಳಿಸಬೇಡಿ.

ಟಿಕೆಟ್ ಮಾಡುವ ಹಿಂದಿನ ಸಂಜೆಯೇ ಬ್ಯಾಂಕ್ ಆ್ಯಪ್ ತೆರೆದು ಕಾರ್ಡಿನ ವಿದೇಶಿ ವಹಿವಾಟು ಚಾಲೂ ಇದೆಯೇ ನೋಡಿ. 2020ರ ರಿಸರ್ವ್ ಬ್ಯಾಂಕ್ ನಿಯಮದ ನಂತರ ಹೊಸ ಕಾರ್ಡುಗಳಲ್ಲಿ ಅದು ಬಂದ್ ಆಗಿಯೇ ಬರುತ್ತದೆ. ಮೊತ್ತ ರೂಪಾಯಿಯಲ್ಲಿ ಕಂಡರೂ ಹಣ ವಿದೇಶಕ್ಕೆ ಹೋಗುತ್ತಿರಬಹುದು. ಸೀಟು ಆರಿಸಿ, ತೆರಿಗೆ ಕಟ್ಟುವ ಪುಟಕ್ಕೆ ಬಂದು, ಅಲ್ಲಿ ಕಾರ್ಡ್ ತಿರಸ್ಕೃತವಾದರೆ ಮತ್ತೆ ಮೊದಲಿನಿಂದ ಹುಡುಕುವಷ್ಟರಲ್ಲಿ ಸೀಟು ಇನ್ನೊಬ್ಬರದಾಗಿರುತ್ತದೆ.

ವಾಪಸ್ ಟಿಕೆಟ್ ಅದೇ ದಿನ ಸಿಗದು, ಆ ದಿನಾಂಕ ಇನ್ನೂ ತೆರೆದಿರುವುದಿಲ್ಲ. ಆಗಸ್ಟ್ 10ಕ್ಕೆ ಮರಳುವುದಾದರೆ ಹಿಂದಿನ ವರ್ಷದ ಆಗಸ್ಟ್ 20ರ ಜಾವ ಮತ್ತೆ ಕೂರಬೇಕು. ಎರಡು ಬಿಡಿ ಟಿಕೆಟ್ ಮಾಡುವುದೇ ಸರಿ. ಹೋಗುವುದಕ್ಕೆ ಒಂದು ಏರ್‌ಲೈನ್, ಬರುವುದಕ್ಕೆ ಇನ್ನೊಂದು ಆದರೂ ಆಗಬಹುದು. ಬ್ರಿಟನ್ನಿನಿಂದ ಹೊರಡುವಾಗ ಬಿಸಿನೆಸ್ ಕ್ಲಾಸಿಗೆ ಅಲ್ಲಿನ ಸರ್ಕಾರದ ಪ್ರಯಾಣ ಸುಂಕ ಎಕಾನಮಿಯ ಎರಡು ಪಟ್ಟಿಗೂ ಹೆಚ್ಚು, ಆದ್ದರಿಂದ ಬರುವ ಟಿಕೆಟಿನಲ್ಲಿ ಕೈಯಿಂದ ಕಟ್ಟುವ ಹಣ ಜಾಸ್ತಿ.

ಮೈಲ್ಸ್ ಟಿಕೆಟ್ ಎಂದರೆ ಪುಕ್ಕಟೆ ಟಿಕೆಟ್ ಅಲ್ಲ, ಲೆಕ್ಕ ಹಾಕಿ. ಉದಾಹರಣೆಗೆ ಬಿಸಿನೆಸ್ ಟಿಕೆಟಿಗೆ ₹1,80,000, ಅದೇ ಸೀಟಿಗೆ 70,000 ಮೈಲ್ಸ್ ಮತ್ತು ತೆರಿಗೆ ₹32,000 ಎಂದುಕೊಳ್ಳಿ. ಉಳಿದದ್ದು ₹1,48,000, 70,000ದಿಂದ ಭಾಗಿಸಿದರೆ ಮೈಲ್‌ಗೆ ಸುಮಾರು ₹2.11. ಪಾಯಿಂಟನ್ನು ಕಾರ್ಡ್ ಬಿಲ್ಲಿಗೆ ಹೊಂದಿಸಿದರೆ ಸಾಮಾನ್ಯವಾಗಿ ಒಂದು ರೂಪಾಯಿಗಿಂತ ಕಡಿಮೆ ಸಿಗುತ್ತದೆ. ಒಂದು ರೂಪಾಯಿಗೆ ಇಳಿಯುವ ಟಿಕೆಟನ್ನು ನಾನು ಬಿಟ್ಟುಬಿಡುತ್ತೇನೆ. ವಿನಿಮಯದ ದರವನ್ನೂ ಸೇರಿಸಿಕೊಳ್ಳಿ: ಬ್ಯಾಂಕಿನ ಎರಡು ಪಾಯಿಂಟಿಗೆ ಒಂದು ಮೈಲ್ ಆದರೆ ಮೇಲಿನ ಬೆಲೆ ಅರ್ಧವಾಯಿತು. ಮ್ಯಾರಿಯಟ್ ಹೋಟೆಲ್ ಪಾಯಿಂಟುಗಳು ಹೆಚ್ಚಿನ ಏರ್‌ಲೈನ್‌ಗಳಿಗೆ ಮೂರಕ್ಕೆ ಒಂದು. ಒಮ್ಮೆಗೇ 60,000 ಕಳಿಸಿದರೆ 5,000 ಹೆಚ್ಚುವರಿ ಸೇರಿ 25,000 ಬರುತ್ತದೆ.

ಗಳಿಕೆಯ ಬಗ್ಗೆ ಎರಡೇ ಮಾತು. ಪೆಟ್ರೋಲ್, ಬಾಡಿಗೆ, ವ್ಯಾಲೆಟ್‌ಗೆ ಹಾಕಿದ ಹಣಕ್ಕೆ ಬಹಳಷ್ಟು ಕಾರ್ಡುಗಳು ಪಾಯಿಂಟು ಕೊಡುವುದಿಲ್ಲ. ಅಂಗಡಿಯವರು ಸ್ವೈಪಿಗೆ ಶೇ. 2 ಹೆಚ್ಚುವರಿ ಕೇಳಿದರೆ ಯುಪಿಐ ಮಾಡಿ. ಬಿಲ್ ಪೂರ್ತಿ ಕಟ್ಟಲಾಗದವರು ಈ ದಾರಿಗೇ ಬರಬಾರದು, ತಿಂಗಳಿಗೆ ಶೇ. 3.5ರ ಆಸುಪಾಸಿನ ಬಡ್ಡಿಯನ್ನು ಯಾವ ಮೈಲ್ಸೂ ತುಂಬಿಕೊಡುವುದಿಲ್ಲ.

ಅಪ್‌ಗ್ರೇಡ್ ಸುಲಭ ಎಂದು ನಂಬಿದವರಿಗೇ ನಿರಾಸೆ ಜಾಸ್ತಿ. ಅಗ್ಗದ ಎಕಾನಮಿ ಟಿಕೆಟ್ ಕೊಂಡು ಆಮೇಲೆ ಮೈಲ್ಸ್ ಹಾಕಿ ಮೇಲೇರುತ್ತೇನೆ ಎಂದರೆ ಆಗುವುದಿಲ್ಲ. ಬ್ರಿಟಿಷ್ ಏರ್‌ವೇಸ್‌ನಲ್ಲಿ ಓ, ಕ್ಯೂ, ಜಿ ಅಕ್ಷರದ (ಎಂದರೆ ಎಕಾನಮಿಯಲ್ಲೇ ತೀರ ಅಗ್ಗದ) ದರಗಳಿಗೆ, ಸಿಂಗಪುರ್ ಏರ್‌ಲೈನ್ಸ್‌ನಲ್ಲಿ ಎಕಾನಮಿ ಲೈಟ್ ದರಕ್ಕೆ ಅಪ್‌ಗ್ರೇಡ್ ಇಲ್ಲ. ಅಕ್ಷರ ಇ-ಟಿಕೆಟ್ಟಿನಲ್ಲೇ ಇರುತ್ತದೆ, ಕೊಳ್ಳುವ ಮೊದಲೇ ಕೇಳಿ. ಏರುವುದೂ ಒಂದೇ ಮೆಟ್ಟಿಲು: ವಿಮಾನದಲ್ಲಿ ಪ್ರೀಮಿಯಂ ಎಕಾನಮಿ (ಎಕಾನಮಿ, ಬಿಸಿನೆಸ್ ನಡುವಿನ ದರ್ಜೆ) ಇದ್ದರೆ ಎಕಾನಮಿಯಿಂದ ಅಲ್ಲಿಗೆ ಮಾತ್ರ. ಬಜಾರಿನ ಏಜೆಂಟರಲ್ಲಿ ಮಾಡಿಸಿದ ಟಿಕೆಟಾದರೆ ಬಹುಪಾಲು ಏರ್‌ಲೈನಿನವರು 'ಏಜೆಂಟರನ್ನೇ ಕೇಳಿ' ಎನ್ನುತ್ತಾರೆ. ಅಪ್‌ಗ್ರೇಡ್ ಮನಸ್ಸಿನಲ್ಲಿದ್ದರೆ ಏರ್‌ಲೈನಿನ ಸೈಟಿನಲ್ಲೇ ಕೊಳ್ಳಿ.

ಕೊನೆಯ ಗುಂಡಿ ಒತ್ತುವ ಮೊದಲು ಪ್ರತಿ ಹಾರಾಟವನ್ನೂ ಬೇರೆಬೇರೆಯಾಗಿ ತೆರೆದು ನೋಡಿ. ಮೇಲೆ 'ಬಿಸಿನೆಸ್' ಎಂದಿದ್ದು, ಒಳಗೆ ಎಂಟು ಗಂಟೆಯ ಹಾರಾಟ ಎಕಾನಮಿ, ಒಂದು ಗಂಟೆಯದು ಮಾತ್ರ ಬಿಸಿನೆಸ್ ಆಗಿರುವುದುಂಟು. ಸೀಟಿನ ನಕ್ಷೆಯನ್ನೂ ನೋಡಿ. 1-2-1 ಜೋಡಣೆಯಾದರೆ (ಕಿಟಕಿಗಳ ಬಳಿ ಒಂದೊಂದು, ನಡುವೆ ಎರಡು ಸೀಟು) ಎಲ್ಲರಿಗೂ ದಾರಿ ನೇರ. 2-3-2 ಇರುವ ಹಳೆಯ ವಿಮಾನದಲ್ಲಿ ಕಿಟಕಿ ಬದಿಯವರು ರಾತ್ರಿ ಎದ್ದರೆ ಪಕ್ಕದವರ ಚಾಚಿದ ಕಾಲು ದಾಟಿಯೇ ಬರಬೇಕು. ಮಂಡಿನೋವಿನವರಿಗೆ ದಾರಿ ಬದಿಯ ಸೀಟೇ ಆಗಬೇಕು.

ವರ್ಷ ಮೊದಲೇ ಗೊತ್ತಿಲ್ಲದವರಿಗೂ ದಾರಿಯಿದೆ, ಮತ್ತು ಅದರಲ್ಲಿ ನಮ್ಮ ಚಿಕ್ಕಬಳ್ಳಾಪುರಕ್ಕೆ ಅನುಕೂಲ. ಮಾರಾಟವಾಗದ ಸೀಟುಗಳಲ್ಲಿ ಕೆಲವನ್ನು ಏರ್‌ಲೈನ್‌ಗಳು ಹೊರಡುವ ಹಿಂದಿನ ಎರಡು ವಾರದಲ್ಲಿ ಮೈಲ್ಸ್‌ಗೆ ಬಿಡುವುದುಂಟು. ಕೆಂಪೇಗೌಡ ವಿಮಾನ ನಿಲ್ದಾಣ ಬೆಂಗಳೂರಿನ ಬಹುಪಾಲು ಬಡಾವಣೆಗಳಿಗಿಂತ ನಮಗೇ ಹತ್ತಿರ, ಊರೊಳಗಿನ ಟ್ರಾಫಿಕ್ ಇಲ್ಲದೆ ಹೆದ್ದಾರಿ 44ರಲ್ಲಿ ನೇರ ಇಳಿಯಬಹುದು. ವೀಸಾ ಕೈಯಲ್ಲಿರಲಿ, ಏವಿಯೋಸ್‌ನಲ್ಲಿ ಒಂದು ಎಕಾನಮಿ ಟಿಕೆಟ್ ಮೊದಲೇ ಹಿಡಿದಿಡಿ, ದಿನಾ ಸಂಜೆ ಬಿಸಿನೆಸ್ ಸೀಟು ತೆರೆಯಿತೇ ಎಂದು ನೋಡುತ್ತಿರಿ. ಸಿಕ್ಕರೆ ಹೊಸದನ್ನು ಖಾತ್ರಿ ಮಾಡಿಕೊಂಡ ಮೇಲೆಯೇ ಹಳೆಯದನ್ನು ರದ್ದು ಮಾಡಿ. ಬ್ರಿಟಿಷ್ ಏರ್‌ವೇಸ್‌ನಲ್ಲಿ ಹೊರಡುವ 24 ಗಂಟೆ ಮೊದಲಿನವರೆಗೆ ರದ್ದು ಶುಲ್ಕ ಕಳೆದು ಏವಿಯೋಸ್ ಖಾತೆಗೆ ಮರಳುತ್ತದೆ, ಆ ಗಡುವು ದಾಟಿದರೆ ಇಲ್ಲ.