ಬೀಟಲ್ ಕಾರಿನ ಇಗ್ನಿಷನ್ ಬಿಡಿಭಾಗಗಳನ್ನು ನಾನು ಹೊಂದಿಸಿಕೊಂಡ ಬಗೆ

ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ಗೆ ಇಗ್ನಿಷನ್ ಭಾಗಗಳನ್ನು, ಅಂದರೆ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಭಾಗಗಳನ್ನು, ಕೊಳ್ಳಲು ಹೋದಾಗ ಕಾರಿನ ಹೆಸರು ಮತ್ತು ವರ್ಷವನ್ನು ಹೇಳಿದರೆ ಸಾಲದು. ಎಂಜಿನ್ನಿನ ಮೇಲೆ ಈಗ ಕುಳಿತಿರುವ, ಕಿಡಿಯ ವಿದ್ಯುತ್ತನ್ನು ಸರದಿಯಂತೆ ಪ್ಲಗ್ಗುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ಮೈಮೇಲಿರುವ ಸಂಖ್ಯೆಯನ್ನು ಹೇಳಬೇಕು. ನನ್ನ ಕಾರು 1968ರ ಮಾಡೆಲ್ಲಿನದು. ಆದರೆ ಹಿಂದಿನ ಮಾಲೀಕರಲ್ಲಿ ಯಾರೋ ಒಬ್ಬರು ಅದಕ್ಕೆ ನಂತರದ ಕಾಲದ 1600 ಸಿ.ಸಿ. ಎಂಜಿನ್ ಮತ್ತು 34 ಪಿಕ್ಟ್-3 ಕಾರ್ಬೊರೇಟರ್ ಕೂರಿಸಿದ್ದರು. ಡಿಸ್ಟ್ರಿಬ್ಯೂಟರ್ ಮಾತ್ರ ಬಾಷ್ ಕಂಪನಿಯ 0 231 178 009 ಆಗಿತ್ತು. ಹೀಗಿರುವಾಗ 1968ರ ಪಟ್ಟಿಯನ್ನು ನೋಡಿ ತರಿಸಿದ ಕ್ಯಾಪ್ (ಡಿಸ್ಟ್ರಿಬ್ಯೂಟರಿನ ಮುಚ್ಚಳ) ಆಗಲಿ ಪಾಯಿಂಟ್ ಸೆಟ್ (ಅದರೊಳಗೆ ವಿದ್ಯುತ್ತನ್ನು ಕಡಿದು ಕೂಡಿಸುವ ಸ್ವಿಚ್) ಆಗಲಿ ಹೊಂದುತ್ತದೆಂಬ ಭರವಸೆ ಇರಲಿಲ್ಲ. ನಮ್ಮಲ್ಲಿ ಉಳಿದಿರುವ ಬೀಟಲ್‌ಗಳು ಹಲವು ಕೈಗಳನ್ನು ದಾಟಿ ಬಂದಿರುವುದರಿಂದ ಎಂಜಿನ್ ಒಂದು ಕಾಲದ್ದು, ಅದರ ಬಿಡಿಭಾಗಗಳು ಇನ್ನೊಂದು ಕಾಲದವು ಆಗಿರುವುದು ಅಪರೂಪವಲ್ಲ.

ಈ 009 ಎಂಬ ಡಿಸ್ಟ್ರಿಬ್ಯೂಟರ್ ಎಂಜಿನ್ನಿನ ವೇಗವನ್ನು ಮಾತ್ರ ನೋಡಿ ಕಿಡಿಯ ಸಮಯವನ್ನು ಮುಂದಕ್ಕೆ ತರುತ್ತದೆ. ಎಂಜಿನ್ ಗಾಳಿ ಎಳೆಯುವ ಬಲಕ್ಕೆ ತಕ್ಕಂತೆ ಆ ಸಮಯವನ್ನು ಬದಲಿಸುವ ವ್ಯಾಕ್ಯೂಮ್ ಅಡ್ವಾನ್ಸ್ ಅದಕ್ಕಿಲ್ಲ. ಬೆಲೆ ಕಡಿಮೆ, ಬಿಚ್ಚುವ ಭಾಗಗಳೂ ಕಡಿಮೆ ಎಂಬ ಕಾರಣಕ್ಕೆ ಅದು ಎಲ್ಲೆಡೆ ಹರಡಿತು. ಆದರೆ 34 ಪಿಕ್ಟ್-3 ಕಾರ್ಬೊರೇಟರನ್ನು ರೂಪಿಸಿದ್ದು ವ್ಯಾಕ್ಯೂಮ್ ಅಡ್ವಾನ್ಸ್ ಇರುವ ಎಂಜಿನ್ನಿಗಾಗಿ. ಅದರೊಂದಿಗೆ 009 ಅನ್ನು ಜೋಡಿಸಿದರೆ ಸಿಗ್ನಲ್ಲಿನಲ್ಲಿ ನಿಂತ ಕಾರು ಹೊರಡುವಾಗ, ಆಕ್ಸಲರೇಟರ್ ತುಳಿದ ಕ್ಷಣದಲ್ಲಿ ಎಂಜಿನ್ ತಡವರಿಸುತ್ತದೆ. ಕಾರ್ಬೊರೇಟರಿನಲ್ಲಿ ಪೆಟ್ರೋಲಿನ ಅಳತೆ ನಿಗದಿಸುವ ಜೆಟ್ಟುಗಳನ್ನು ಬದಲಿಸುತ್ತಾ ಕೂರುವುದಕ್ಕಿಂತ ವ್ಯಾಕ್ಯೂಮ್ ಇರುವ ಡಿಸ್ಟ್ರಿಬ್ಯೂಟರನ್ನು ಹುಡುಕುವುದೇ ಸರಿಯಾದ ದಾರಿ ಎಂದು ನಾನು ತೀರ್ಮಾನಿಸಿದೆ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಬಾಸಿಡರ್ ಮತ್ತು ಪದ್ಮಿನಿ ಕಾರುಗಳ ಭಾಗಗಳು ಇಂದಿಗೂ ಸಿಗುತ್ತವೆ; ಬೀಟಲ್ ಡಿಸ್ಟ್ರಿಬ್ಯೂಟರ್ ಎಂದರೆ ಅಂಗಡಿಯವರು ನಕ್ಕು ತಲೆಯಾಡಿಸುತ್ತಾರೆ. ನನಗೆ ಬೇಕಾದದ್ದು ಸಿಕ್ಕಿದ್ದು ಎಂಜಿನ್ ಬಿಚ್ಚಿಟ್ಟುಕೊಂಡಿದ್ದ ಇನ್ನೊಬ್ಬ ಹವ್ಯಾಸಿಯ ಮನೆಯಲ್ಲಿ. ಅದರ ಮೇಲೆ 0 231ರಿಂದ ಆರಂಭವಾಗುವ ಬಾಷ್ ಸಂಖ್ಯೆಯೂ 905 205 ಎಂಬ ಅಂಕಿಗಳಿರುವ ಫೋಕ್ಸ್‌ವ್ಯಾಗನ್ ಸಂಖ್ಯೆಯೂ ಓದುವಷ್ಟು ಸ್ಪಷ್ಟವಾಗಿದ್ದವು. ಕೊಳ್ಳುವ ಮೊದಲು ವ್ಯಾಕ್ಯೂಮ್ ಡಬ್ಬಿಗೆ ರಬ್ಬರ್ ನಳಿಕೆ ಸಿಕ್ಕಿಸಿ ಬಾಯಿಂದ ಗಾಳಿ ಎಳೆದು, ನಾಲಿಗೆಯಿಂದ ಮುಚ್ಚಿ ಹಿಡಿದೆ. ಒಳಗಿನ ತಟ್ಟೆ ಸರಿದು ಅಲ್ಲೇ ನಿಂತಿತು. ಅಂದರೆ ಡಬ್ಬಿಯೊಳಗಿನ ಪೊರೆ ಹರಿದಿರಲಿಲ್ಲ. ಪೊರೆ ಹರಿದಿದ್ದರೆ ಎಷ್ಟೇ ಅಗ್ಗವಾಗಿದ್ದರೂ ಅದನ್ನು ಅಲ್ಲೇ ಬಿಟ್ಟು ಬರುತ್ತಿದ್ದೆ, ಏಕೆಂದರೆ ಸರಿಹೊಂದುವ ಡಬ್ಬಿ ಬಿಡಿಯಾಗಿ ಸಿಗುವುದು ಡಿಸ್ಟ್ರಿಬ್ಯೂಟರ್ ಸಿಗುವುದಕ್ಕಿಂತ ಕಷ್ಟ.

ಆದರೆ ಶಾಫ್ಟನ್ನು ಹಿಡಿದು ಅಲುಗಾಡಿಸಿದರೆ ಪಕ್ಕಕ್ಕೆ ಆಡುತ್ತಿತ್ತು. ಶಾಫ್ಟ್ ತಿರುಗುವ ಬುಶ್ (ಲೋಹದ ಕೊಳವೆ) ಸವೆದಾಗ ಪಾಯಿಂಟಿನ ಗ್ಯಾಪ್ ಪ್ರತಿ ಸುತ್ತಿನಲ್ಲೂ ಬದಲಾಗುತ್ತದೆ. ಹೊಸ ಪಾಯಿಂಟ್ ಎಷ್ಟು ಹಾಕಿದರೂ ಮಿಸ್ಸಿಂಗ್ (ಆಗಾಗ ಕಿಡಿ ತಪ್ಪುವುದು) ಹೋಗುವುದಿಲ್ಲ. ಪರಿಚಯದ ಲೇತ್ ಕೆಲಸಗಾರರೊಬ್ಬರು ಹಳೆಯ ಬುಶ್ಶನ್ನು ಹೊರತೆಗೆದು, ಶಾಫ್ಟಿನ ಅಳತೆಗೆ ಗನ್‌ಮೆಟಲ್ ಬುಶ್ ಮಾಡಿ ಕೂರಿಸಿಕೊಟ್ಟರು. ಬಿಚ್ಚುವ ಮುನ್ನ, ಶಾಫ್ಟಿನ ತುದಿಯ ಕಚ್ಚು, ಮೇಲೆ ತಿರುಗುತ್ತಾ ಕಿಡಿ ಹಂಚುವ ರೋಟರಿನ ಯಾವ ದಿಕ್ಕಿಗೆ ನಿಂತಿದೆ ಎಂಬುದನ್ನು ಗುರುತು ಹಾಕಿಟ್ಟುಕೊಂಡಿದ್ದೆ. ಆ ಕಚ್ಚು ಶಾಫ್ಟಿನ ನಡುವಿನಲ್ಲಿಲ್ಲದೆ ಒಂದು ಪಕ್ಕಕ್ಕೆ ಸರಿದಿರುತ್ತದೆ. ತಿರುಗಿಸಿ ಜೋಡಿಸಿದರೆ ಟೈಮಿಂಗ್ 180 ಡಿಗ್ರಿ ತಪ್ಪುತ್ತದೆ.

ಬ್ಯಾಟರಿಯ ವೋಲ್ಟೇಜನ್ನು ಕಿಡಿಗೆ ಬೇಕಾದಷ್ಟು ಏರಿಸುವ ಕಾಯಿಲ್ ವಿಷಯದಲ್ಲಿ ಹೆಚ್ಚು ಅಲೆಯಬೇಕಾಗಲಿಲ್ಲ. ಪಾಯಿಂಟ್ ಇರುವ 12 ವೋಲ್ಟ್ ವ್ಯವಸ್ಥೆಗೆ ಪ್ರೈಮರಿ ರೋಧ ಸುಮಾರು 3 ಓಮ್ ಇರುವ ಕಾಯಿಲ್ ಬೇಕು, ಅದು ಇಲ್ಲಿಯೇ ಸಿಗುತ್ತದೆ. ಅಂಗಡಿಗೆ ಮಲ್ಟಿಮೀಟರನ್ನು ಒಯ್ದು ಕೌಂಟರಿನ ಮೇಲೇ ಅಳೆದೆ. ಎಲೆಕ್ಟ್ರಾನಿಕ್ ಇಗ್ನಿಷನ್‌ಗಾಗಿ ಮಾಡಿದ ಕಡಿಮೆ ರೋಧದ ಕಾಯಿಲ್ ನೋಡಲು ಹಾಗೆಯೇ ಇದ್ದರೂ ಪಾಯಿಂಟುಗಳನ್ನು ಬೇಗ ಸುಟ್ಟುಹಾಕುತ್ತದೆ.

ಪ್ಲಗ್ಗುಗಳೂ ಸುಲಭ. 1951ರಲ್ಲಿ ಆರಂಭವಾದ, ಬೆಂಗಳೂರಿನ ಮೈಕೋ, ಅಂದರೆ ಈಗಿನ ಬಾಷ್, ತನ್ನ ಪ್ಲಗ್ಗುಗಳಿಗೆ ಜರ್ಮನಿಯ ಬಾಷ್ ಕಂಪನಿಯ ಸಂಖ್ಯಾಕ್ರಮವನ್ನೇ ಬಳಸುತ್ತಿದ್ದುದರಿಂದ ಹಳೆಯ ಕೈಪಿಡಿಯಲ್ಲಿರುವ ಡಬ್ಲ್ಯು 145 ಟಿ 1 ಎಂಬ ಹೆಸರು ಹಿರಿಯ ಅಂಗಡಿಯವರಿಗೆ ತಕ್ಷಣ ಅರ್ಥವಾಗುತ್ತದೆ. ಈಗ ಡಬ್ಲ್ಯು 8 ಎಸಿ ಅಥವಾ ಎನ್‌ಜಿಕೆ ಬಿ 6 ಎಚ್‌ಎಸ್ ಹಾಕಬಹುದು. ಎರಡನೆಯದು ವೆಸ್ಪಾ ಸ್ಕೂಟರುಗಳಿಗೂ ಬಳಕೆಯಾಗುವ ಪ್ಲಗ್. ಮುಖ್ಯವಾದದ್ದು ಥ್ರೆಡ್ಡಿನ ಉದ್ದ: ಅದು 12.7 ಮಿ.ಮೀ. ಇರಬೇಕು. 19 ಮಿ.ಮೀ. ಉದ್ದದ ಪ್ಲಗ್ ಕೂಡ ಅದೇ ರಂಧ್ರಕ್ಕೆ ಸಲೀಸಾಗಿ ಇಳಿಯುತ್ತದೆ, ಆದರೆ ಒಳಗೆ ಪಿಸ್ಟನ್ನಿಗೆ ತಗಲುವ ಅಪಾಯವಿದೆ.

ಗಾಳಿಯಿಂದ ತಂಪಾಗುವ ಎಂಜಿನ್ನಿನ ವಿಶೇಷ ತೊಂದರೆ ಎದುರಾದದ್ದು ಪ್ಲಗ್ ವೈರುಗಳಲ್ಲಿ. ಫ್ಯಾನಿನ ಗಾಳಿ ಸಿಲಿಂಡರುಗಳ ಸುತ್ತಲೇ ಹರಿಯುವಂತೆ ತಗಡಿನ ಹೊದಿಕೆ ಇರುತ್ತದೆ. ಪ್ಲಗ್ಗಿನ ಉದ್ದನೆಯ ಕನೆಕ್ಟರ್ ಆ ತಗಡನ್ನು ತೂರಿ ಹೋಗುವ ಕಡೆ ಒಂದು ದಪ್ಪ ರಬ್ಬರ್ ಸೀಲ್ ತೂತನ್ನು ಮುಚ್ಚುತ್ತದೆ. ಇಲ್ಲಿ ಮಾಡಿಸಿದ ವೈರುಗಳು ಕಿಡಿ ಸಾಗಿಸುವುದರಲ್ಲಿ ಚೆನ್ನಾಗಿಯೇ ಇದ್ದವು, ಆದರೆ ಸೀಲ್ ಇಲ್ಲದಿದ್ದರೆ ತಂಪು ಗಾಳಿ ಅಲ್ಲಿಂದಲೇ ಸೋರಿಹೋಗುತ್ತದೆ. ಇಗ್ನಿಷನ್ ಭಾಗವೊಂದನ್ನು ಬದಲಿಸಲು ಹೋಗಿ ಎಂಜಿನ್ ಬಿಸಿಯಾಗುವಂತೆ ಮಾಡುವುದು ನನಗೆ ಒಪ್ಪಿಗೆಯಾಗಲಿಲ್ಲ.

ಆದ್ದರಿಂದ ವೈರುಗಳನ್ನು ಕನೆಕ್ಟರ್ ಮತ್ತು ಸೀಲುಗಳ ಸಮೇತ, ಜೊತೆಗೆ ಕ್ಯಾಪ್, ರೋಟರ್, ಪಾಯಿಂಟ್ ಮತ್ತು ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರುಗಳನ್ನು ಹೊರದೇಶದಿಂದಲೇ ತರಿಸಿದೆ. ಬೀಟಲ್ ತಯಾರಿಕೆ ಮೆಕ್ಸಿಕೋದ ಪ್ಯೂಬ್ಲಾದಲ್ಲಿ 2003ರ ಜುಲೈವರೆಗೆ ನಡೆಯಿತು; ಬ್ರೆಜಿಲ್‌ನಲ್ಲಿ ಇದೇ ಬಗೆಯ ಎಂಜಿನ್ ಕೊಂಬಿ ವ್ಯಾನಿನಲ್ಲಿ 2005ರವರೆಗೂ ಉಳಿದಿತ್ತು. ಇಷ್ಟು ವಯಸ್ಸಾದ ಕಾರಿಗೆ ಇನ್ನೂ ಹೊಸ ಭಾಗ ದೊರೆಯಲು ಇದೂ ಒಂದು ಕಾರಣ. ಆದರೆ ಮೆಕ್ಸಿಕೋದ ಕೊನೆಯ ವರ್ಷಗಳ ಕಾರುಗಳಲ್ಲಿ ಎಲೆಕ್ಟ್ರಾನಿಕ್ ಇಗ್ನಿಷನ್ ಇದ್ದುದರಿಂದ ಆ ಕ್ಯಾಪು, ರೋಟರುಗಳನ್ನು ಇವುಗಳಿಗೆ ಹೊಂದುತ್ತವೆಂದು ಭಾವಿಸಿ ಕೊಳ್ಳಬಾರದು. ಪಾರ್ಸೆಲ್ಲಿನ ಕಾಗದದಲ್ಲಿ ಬರೀ ಕಾರಿನ ಭಾಗಗಳು ಎಂದು ಬರೆಯದೆ, ಇಗ್ನಿಷನ್ ಸಾಮಗ್ರಿಗೆ ಸೇರಿದ 8511 ಎಂಬ ಸುಂಕದ ಶೀರ್ಷಿಕೆ ಸಂಖ್ಯೆಯನ್ನು ನಮೂದಿಸುವಂತೆ ಮಾರಾಟಗಾರರಿಗೆ ಮೊದಲೇ ಕೇಳಿಕೊಂಡಿದ್ದೆ.

ಬಂದ ಭಾಗಗಳು ಹೊಸವು ಎಂದ ಮಾತ್ರಕ್ಕೆ ಒಳ್ಳೆಯವೆಂದು ನಾನು ನಂಬಲಿಲ್ಲ. ಕ್ಯಾಪಿನ ನಡುವಿನ ಕಾರ್ಬನ್ ಬ್ರಶ್ ಸ್ಪ್ರಿಂಗಿನ ಮೇಲೆ ಸರಾಗವಾಗಿ ಆಡುತ್ತದೆಯೇ, ಪಾಯಿಂಟಿನ ಎರಡು ಮುಖಗಳು ಪೂರ್ತಿಯಾಗಿ ಕೂಡುತ್ತವೆಯೇ, ಅದರ ರಿವೆಟ್ ಬಿಗಿಯಾಗಿದೆಯೇ ಎಂದು ಒಂದೊಂದನ್ನೂ ನೋಡಿದೆ. ಬಂದ ಒಂದು ಕಂಡೆನ್ಸರ್ ಪೆಟ್ಟಿಗೆಯಿಂದ ತೆಗೆದಾಗಲೇ ಕೆಟ್ಟಿತ್ತು, ಸುಮಾರು 0.2 ಮೈಕ್ರೋಫ್ಯಾರಡ್ ಇರಬೇಕಾದಲ್ಲಿ ಮೀಟರ್ ಏನನ್ನೂ ತೋರಿಸಲಿಲ್ಲ. ಬದಲಿ ಬರುವವರೆಗೆ ಅಂಬಾಸಿಡರಿನ ಕಂಡೆನ್ಸರೊಂದನ್ನು ಕಾಯಿಲ್ ಬಳಿ ಎಂಜಿನ್ ಕೋಣೆಯ ತಗಡಿಗೆ ಭದ್ರವಾಗಿ ಅರ್ಥ್ ಮಾಡಿ, ಅದರ ವೈರನ್ನು ಪಾಯಿಂಟಿಗೆ ಹೋಗುವ ತುದಿಗೆ ಕೊಟ್ಟೆ. ಕಾರು ಆ ಅವಧಿಯಲ್ಲಿ ಒಮ್ಮೆಯೂ ನಿಲ್ಲಲಿಲ್ಲ.

ಜೋಡಿಸುವಾಗ ಪಾಯಿಂಟ್ ಗ್ಯಾಪನ್ನು 0.4 ಮಿ.ಮೀ., ಪ್ಲಗ್ ಗ್ಯಾಪನ್ನು 0.7 ಮಿ.ಮೀ. ಇಟ್ಟು, ವೈರುಗಳನ್ನು 1-4-3-2ರ ಕ್ರಮದಲ್ಲಿ, ರೋಟರ್ ತಿರುಗುವ ದಿಕ್ಕಿಗೆ ಅಂದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ಸಿಕ್ಕಿಸಿದೆ. ಪಾಯಿಂಟನ್ನು ತೆರೆಯುವ ಕ್ಯಾಮ್ ಮೇಲೆ ಒಂದಿಷ್ಟು ಗ್ರೀಸ್ ಸವರಿದೆ, ಇಲ್ಲದಿದ್ದರೆ ಅದಕ್ಕೆ ಉಜ್ಜುವ ಪಾಯಿಂಟಿನ ಹಿಮ್ಮಡಿ ಸವೆದು ಗ್ಯಾಪ್ ಮುಚ್ಚಿಕೊಳ್ಳುತ್ತದೆ. ಟೈಮಿಂಗನ್ನು ಆ ಡಿಸ್ಟ್ರಿಬ್ಯೂಟರ್ ಸಂಖ್ಯೆಗೆ ಕೊಟ್ಟಿರುವ ಅಳತೆಯಂತೆ ಟೈಮಿಂಗ್ ಲೈಟ್ ಹಿಡಿದು ಹೊಂದಿಸಿದ ಮೇಲೆ ಹೊರಡುವಾಗಿನ ತಡವರಿಕೆ ಹೋಯಿತು. ಬಿಚ್ಚಿದ 009 ಅನ್ನು ಮಾರಲಿಲ್ಲ. ಅದಕ್ಕೂ ಗ್ಯಾಪ್ ಹೊಂದಿಸಿ, ಕ್ಯಾಪ್ ಹಾಕಿ, ಕ್ಲ್ಯಾಂಪ್ ಬಿಚ್ಚಲು ಬೇಕಾಗುವ ಸ್ಪ್ಯಾನರಿನ ಜೊತೆ ಕಾರಿನಲ್ಲೇ ಇಟ್ಟಿದ್ದೇನೆ.