ಹಲುಬೆಯ ಹಿಂದೆ ರೋಣಗಲ್ಲು

ತಾಳವಾಡಿಯ ಕಾಡಂಚಿನಲ್ಲಿರುವ ನಮ್ಮ ಎರಡು ಎಕರೆ ಕೆಂಪುಮಣ್ಣಿನ ಹುಲ್ಲುಗಾವಲಿನಲ್ಲಿ ಕೊಳುಕಟ್ಟೆ ಹುಲ್ಲೂ ಗರಿಕೆಯೂ ಬೆಳೆಯುತ್ತವೆ. ಮಳೆಗಾಲದಲ್ಲಿ ದನಗಳ ಗೊರಸು ಇಳಿದು ಆದ ಗುಂಡಿಗಳು, ಕಾಡುಹಂದಿಗಳು ಮಗುಚಿ ಹಾಕಿದ ಹೆಂಟೆಗಳು, ಬುಡಕ್ಕೆ ಬೆಳಕು ಬೀಳದಂತೆ ಕವಿದ ಒಣಹುಲ್ಲು ಇವೆಲ್ಲ ಸೇರಿ ಮೂರನೆಯ ವರ್ಷಕ್ಕೆ ಅಲ್ಲಿ ಕುಡುಗೋಲು ಆಡಿಸುವುದೇ ಕಷ್ಟವಾಯಿತು. ಉತ್ತು ಹೊಸದಾಗಿ ಬಿತ್ತುವುದನ್ನು ಬಿಟ್ಟು, ಇದ್ದ ಹುಲ್ಲನ್ನೇ ಉಳಿಸಿಕೊಂಡು ಮೇಲ್ಮಣ್ಣನ್ನು ಕೆದರಿ ಒತ್ತುವುದೆಂದು ತೀರ್ಮಾನಿಸಿದೆ.

ಕಬ್ಬಿಣದ ಉರುಳೆಯನ್ನು ಸತ್ಯಮಂಗಲದಿಂದ ಬಾಡಿಗೆಗೆ ತರಿಸಿದರೆ ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿಸುವ ಖರ್ಚೇ ಕೆಲಸದ ಖರ್ಚನ್ನು ಮೀರುತ್ತಿತ್ತು. ಆದ್ದರಿಂದ ರಾಗಿ ಒಕ್ಕಣೆಗೆ ಯಂತ್ರ ಬಂದ ಮೇಲೆ ಹಿತ್ತಿಲಲ್ಲಿ ಬಿದ್ದಿದ್ದ ರೋಣಗಲ್ಲನ್ನೇ, ಅಂದರೆ ತೆನೆ ಒಕ್ಕುವ ಕಲ್ಲಿನ ಉರುಳೆಯನ್ನೇ, ಮಣ್ಣು ಕೆದರುವ ಹಲ್ಲುಗಳಿರುವ ಟ್ರ್ಯಾಕ್ಟರಿನ ಹಲುಬೆಯ ಹಿಂದೆ ಸರಪಳಿಯಿಂದ ಬಿಗಿದು, ಎರಡೂ ಕೆಲಸ ಒಂದೇ ಸಾಲಿಗೆ ಮುಗಿಯಲೆಂದು ಮೇ ತಿಂಗಳ ಒಂದು ಮಳೆಯ ಮರುದಿನವೇ ಎಳೆಸಿದೆ. ಡೀಸೆಲ್ ಉಳಿಯಿತು, ಹುಲ್ಲು ಉಳಿಯಲಿಲ್ಲ. ಕಬ್ಬಿಣದ ಹಲ್ಲುಗಳು ಕೊಳುಕಟ್ಟೆಯ ಬುಡಗಳನ್ನೇ ಕಿತ್ತವು. ಕೆದರಿದ ಹಸಿಮಣ್ಣು ಕಲ್ಲಿಗೆ ಮೆತ್ತಿಕೊಂಡು ಎಳೆಚಿಗುರನ್ನೂ ಎತ್ತಿಕೊಂಡು ಹೋಯಿತು. ಒದ್ದೆ ನೆಲ ಗಟ್ಟಿ ಹಲಗೆಯಂತಾಗಿ ಮುಂದಿನ ಮಳೆಯ ನೀರು ಇಂಗದೆ ಮೇಲೆಯೇ ನಿಂತಿತು. ಕಣದಲ್ಲಿ ಸುತ್ತು ಹೊಡೆಯಲೆಂದೇ ಒಂದು ತುದಿ ಸಣ್ಣದಾಗಿ ಕಡೆದಿದ್ದ ಆ ಕಲ್ಲು, ನೇರ ಸಾಲಿನಲ್ಲಿ ಸಣ್ಣ ತುದಿಯ ಕಡೆಗೇ ವಾಲುತ್ತಿದ್ದುದು ಬೇರೆ.

ಮರುವರ್ಷ ಎರಡೂ ಕೆಲಸಗಳ ನಡುವೆ ಬಿಡುವು ಕೊಟ್ಟೆ. ಕಬ್ಬಿಣದ ಹಲುಬೆಯ ಬದಲು, ಹಲಗೆಯ ಕೆಳಗೆ ಜಾಲಿಯ ಕೊಂಬೆಗಳನ್ನು ಕಟ್ಟಿ ಮೇಲೆ ಕಲ್ಲು ಹೇರಿ ಎಳೆಸಿದೆ. ಕೊಂಬೆಯಲ್ಲಿ ಒಂದು ಕಾಯಿಯೂ ಇರದಂತೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಜಾಲಿಯನ್ನು ನಾವೇ ಬಿತ್ತಿದಂತಾಗುತ್ತದೆ. ಈ ಮುಳ್ಳು ಒಣಹುಲ್ಲನ್ನು ಬಾಚುತ್ತದೆ, ಸಗಣಿಯನ್ನು ಹರಡುತ್ತದೆ, ಬೇರಿನ ತಂಟೆಗೆ ಹೋಗುವುದಿಲ್ಲ. ಸಗಣಿ ಹರಡುವುದಕ್ಕೆ ಚುರುಕು ಬಿಸಿಲಿನ ದಿನವೇ ಬೇಕು. ಅದರೊಳಗಿನ ಹೊಟ್ಟೆಹುಳುವಿನ ಮರಿಗಳು ಬಿಸಿಲಿಗೆ ಒಣಗಿ ಸಾಯುತ್ತವೆ, ಮೋಡದ ದಿನ ಹರಡಿದರೆ ಇಡೀ ಬಯಲಿಗೆ ಹಂಚಿದಂತಾಗುತ್ತದೆ.

ಬೋಳಾದ ಕಡೆಗಳಲ್ಲಿ ಸ್ಟೈಲೋ ಎಂಬ ದ್ವಿದಳ ಮೇವಿನ ಬೀಜವನ್ನು ಕೈಯಿಂದ ಎರಚಿದೆ. ಅದರ ಸಿಪ್ಪೆ ಗಡುಸಾದ್ದರಿಂದ 80 ಡಿಗ್ರಿ ಬಿಸಿಯ ನೀರಿನಲ್ಲಿ ನಾಲ್ಕು ನಿಮಿಷ ನೆನೆಸಿ, ನೆರಳಿನಲ್ಲಿ ಒಣಗಿಸಿಟ್ಟುಕೊಂಡಿದ್ದೆ. ಆಮೇಲೆ ಹದ ಮಳೆಗಾಗಿ ಕಾದೆ. ಮಳೆ ಬಂದ ಮೇಲೂ ಹಿಡಿಮಣ್ಣನ್ನು ಅಂಗೈಯಲ್ಲಿ ಹಿಂಡಿ ನೋಡಿ, ಉಂಡೆ ಕಟ್ಟಿ ಬೆರಳು ತಾಗಿಸಿದೊಡನೆ ಉದುರುವ ಹದ ಬರುವವರೆಗೆ ಕಲ್ಲನ್ನು ಮುಟ್ಟಲಿಲ್ಲ. ಅದಕ್ಕೆ ಎರಡು ದಿನ ಹಿಡಿಯಿತು. ಒಮ್ಮೆ ಮಾತ್ರ, ಎತ್ತುಗಳ ನಡಿಗೆಯಷ್ಟು ನಿಧಾನವಾಗಿ ಉರುಳಿಸಿದ್ದರಿಂದ ಬೀಜ ಮಣ್ಣಿಗೆ ಅಂಟಿಕೊಂಡಿತು, ಗೊರಸಿನ ಗುಂಡಿಗಳ ಅಂಚು ಕುಸಿದು ಮಟ್ಟವಾಯಿತು. ಕಲ್ಲು ವಾಲುವುದಕ್ಕೆ ಮದ್ದು ಸಿಗಲಿಲ್ಲ. ಹೊಲವನ್ನೇ ಕಣವೆಂದುಕೊಂಡು ಸಣ್ಣ ತುದಿಯನ್ನು ಒಳಗಿಟ್ಟು ಹೊರಗಿನಿಂದ ಸುತ್ತುತ್ತ ಬಂದು, ನಡುವೆ ಉಳಿದ ತುಂಡನ್ನು ಕಾಲಿನಿಂದ ತುಳಿದು ಮುಗಿಸಿದೆವು.

ಸ್ಟೈಲೋ ಬೇರೂರುವವರೆಗೆ ದನಗಳನ್ನು ಆ ಕಡೆ ಬಿಡಲಿಲ್ಲ. ಹಂದಿಗಳು ಮತ್ತೆ ಕೆದಕಿದ ಮೂಲೆಯನ್ನು ಈಗ ಗುದ್ದಲಿಯಿಂದಲೇ ಸರಿಪಡಿಸುತ್ತಿದ್ದೇನೆ.