ಕೋಳಿ ಕಾಯೋ ನಾಯಿಯನ್ನ ಮೊದಲು ನಾನು ಕಾದೆ

ನಮ್ಮ ಹೊಲ ಇರುವುದು ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನಲ್ಲಿ, ಕಪ್ಪತಗುಡ್ಡದ ಬುಡಕ್ಕೆ. 2019ರಲ್ಲಿ ಗುಡ್ಡ ವನ್ಯಜೀವಿಧಾಮ ಆಯಿತು. ಆದರೆ ತೋಳ, ನರಿ, ಕತ್ತೆಕಿರುಬ, ಚಿರತೆ ನಮ್ಮಜ್ಜನ ಕಾಲದಿಂದಲೂ ಅಲ್ಲೇ ಇವೆ. ಇಂಥ ಜಾಗದಲ್ಲಿ 60 ಕೋಳಿ ಬಯಲಿಗೆ ಬಿಟ್ಟು ತತ್ತಿ ಮಾರ್ತೀನಿ ಅಂದಾಗ ನಮ್ಮವ್ವ ನಕ್ಕಳು. "ನರಿಗೆ ಉಣ್ಣಾಕ ಹಾಕಾಕ ಹೊಂಟಿಯೇನು?"

ಅವಳು ಅಂದಿದ್ದೇ ಆಯಿತು. ಮೊದಲು ತಂದದ್ದು ಗಿರಿರಾಜ ತಳಿಯ ಕೋಳಿ. ಮೈ ಭಾರ, ನರಿ ಬಂದರೆ ಓಡೋಕೆ ಆಗಲ್ಲ. ಒಂದೇ ವಾರದಲ್ಲಿ 11 ಹೋದವು. ಆಮೇಲೆ ಸ್ವರ್ಣಧಾರ ತಂದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳೆಸಿದ ತಳಿ, ಗಿರಿರಾಜಕ್ಕಿಂತ ಹಗುರ, ಚುರುಕು, ತತ್ತಿಯೂ ಜಾಸ್ತಿ. ಆದರೂ ಒಂದು ನಾಯಿ ಬೇಕೇ ಬೇಕು ಅನ್ನಿಸಿತು.

ಇಲ್ಲಿ ದೊಡ್ಡ ತಪ್ಪು ಮಾಡಿದೆ. ಹೆಸರಿದೆ ಅಂತ ಮುಧೋಳ ನಾಯಿ ತಂದೆ. ಮೂರನೇ ದಿನವೇ ಎರಡು ಕೋಳಿ ಹಿಡಿಯಿತು. ನಾಯಿಯದು ಏನೂ ತಪ್ಪಿಲ್ಲ. ಅದು ಬೇಟೆನಾಯಿ. ಎದುರಿಗೆ ಏನಾದರೂ ಓಡಿದರೆ ಬೆನ್ನು ಹತ್ತುವುದು ಅದರ ರಕ್ತದಲ್ಲೇ ಇದೆ. ಮೊಲ ಹಿಡಿಯೋ ನಾಯಿಗೆ ಕೋಳಿ ಕಾಯಿ ಅಂದರೆ ಹೇಗೆ, ಅಲ್ವಾ?

ಸುಗ್ಗಿ ಮುಗಿದ ಮೇಲೆ ನಮ್ಮ ಕಡೆ ಗೊಬ್ಬರಕ್ಕೆ ಅಂತ ಹೊಲದಲ್ಲಿ ಕುರಿ ನಿಲ್ಲಿಸುತ್ತಾರೆ. ಆ ವರ್ಷ ಬಂದ ಕುರಿಗಾರ ಕಾಕಾನ ಹತ್ತಿರ ಎರಡು ತಿಂಗಳ ನಾಯಿಮರಿ ಇತ್ತು. ತಾಯಿನಾಯಿ ರಾತ್ರಿಯೆಲ್ಲಾ ಹಿಂಡಿನ ಸುತ್ತ ತಿರುಗುತ್ತಿತ್ತು, ಹಗಲು ಕುರಿಮರಿಗಳ ನಡುವೆಯೇ ಮಲಗುತ್ತಿತ್ತು. ನಾನು ನೋಡಿದ್ದು ಅದನ್ನೇ, ಮರಿಯ ಬಣ್ಣವನ್ನಲ್ಲ. ರೊಕ್ಕ ಕೊಡೋಕೆ ಹೋದೆ. ಕಾಕಾ ತಗೊಳ್ಳಲಿಲ್ಲ, ಒಂದು ಹುಂಜ ಇಸಕೊಂಡ. ಹೋಗುವಾಗ ಹೇಳಿದ: "ತಮ್ಮಾ, ಇದಕ್ಕ ಬುದ್ಧಿ ಬರಾಕ ಎರಡು ಮಳಿಗಾಲ ಬೇಕು. ಅಲ್ಲೀತನ ಇದನ್ನ ನೀನ ಕಾಯಬೇಕು."

ಅದು ಎಷ್ಟು ನಿಜ ಅಂತ ಆಮೇಲೆ ತಿಳಿಯಿತು. ಮರಿಗೆ ಕರಿಯಾ ಅಂತ ಹೆಸರಿಟ್ಟು, ಕೋಳಿಮನೆಗೆ ಅಂಟಿದ ಜಾಳಿಗೆಯ ಗೂಡಿನಲ್ಲಿ ಇಟ್ಟೆ. ಕೋಳಿಯ ವಾಸನೆ, ಸದ್ದು ಎಲ್ಲಾ ದಿನವೂ ಮೂಗಿಗೆ, ಕಿವಿಗೆ ಬೀಳಬೇಕು. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಅದಕ್ಕೂ ಮುಂಚೆ ಮರಿಗಳಿಗೆ ವಾಂತಿ-ಭೇದಿ ತರುವ ಪಾರ್ವೊ ರೋಗದ ಲಸಿಕೆ ಹಾಕಿಸಿದೆ. ಬೆಳಗ್ಗೆ, ಸಂಜೆ ಹಗ್ಗ ಹಿಡಿದು ಕೋಳಿಗಳ ನಡುವೆ ಸುಮ್ನೆ ಕೂರಿಸುತ್ತಿದ್ದೆ. ಕೋಳಿ ಕಡೆ ನೋಡಿ ಬಾಲ ಬಿಗಿಯಾದರೆ ಒಂದು ಗದರಿಕೆ. ಮುಖ ತಿರುಗಿಸಿದರೆ ಬೆನ್ನು ಸವರುವುದು.

ಐದು ತಿಂಗಳವರೆಗೆ ದೇವರಂಥ ಮರಿ. ಎಂಟನೇ ತಿಂಗಳಿಗೆ ಪುಂಡ ಆಯಿತು. ಆಟಕ್ಕೆ ಅಂತ ಒಂದು ಹ್ಯಾಟೆಯ ಪುಕ್ಕ ಎಲ್ಲಾ ಕಿತ್ತಿತು, ಮರುವಾರ ಇನ್ನೊಂದನ್ನ ಸಾಯಿಸಿತು. ಸತ್ತ ಕೋಳಿಯನ್ನ ನಾಯಿ ಕೊರಳಿಗೆ ಕಟ್ಟು ಅಂತ ಊರಲ್ಲಿ ನಾಲ್ಕು ಮಂದಿ ಹೇಳಿದರು. ಕಟ್ಟಿಯೂ ನೋಡಿದೆ. ಹೊಲವೆಲ್ಲಾ ನಾರಿತು. ನಾಯಿ ಆರಾಮಾಗಿ ಮಲಗಿತ್ತು! ಕೊನೆಗೆ ಕೆಲಸಕ್ಕೆ ಬಂದದ್ದು, ತುಡುಗು ದನಕ್ಕೆ ಕಟ್ಟುತ್ತೇವಲ್ಲ, ಅಂಥ ಒಂದು ಕಟ್ಟಿಗೆ ತುಂಡು. ಕೊರಳಿನಿಂದ ಮೊಣಕಾಲಿಗೆ ತಾಗುವಂತೆ ಇಳಿಬಿಟ್ಟೆ. ನಡೆಯಬಹುದು, ಓಡಿದರೆ ಕಾಲಿಗೆ ಬಡಿಯುತ್ತದೆ. ನಾನು ಎದುರಿಗೆ ಇದ್ದಾಗ ಮಾತ್ರ ಬಿಡುತ್ತಿದ್ದೆ. ಒಂದೂವರೆ ವರ್ಷಕ್ಕೆ ಆ ಹುಚ್ಚು ಇಳಿಯಿತು.

ಊಟದ ವಿಷಯದಲ್ಲಿ ಮಾತ್ರ ಯಾವ ನಾಯಿಯನ್ನೂ ನಂಬಬೇಡಿ. ನುಚ್ಚು, ಮಜ್ಜಿಗೆ, ಕುದಿಸಿದ ಕೋಳಿಕಾಲು ಹಾಕುತ್ತೇನೆ. ಕೋಳಿಗಳು ನಾಚಿಕೆ ಇಲ್ಲದೆ ತಾಟಿಗೆ ಬಾಯಿ ಹಾಕುತ್ತವೆ. ಎಷ್ಟೇ ಶಾಂತ ನಾಯಿ ಇರಲಿ, ಆಗ ಕಚ್ಚುತ್ತದೆ. ಅದಕ್ಕೇ ನಾಯಿಗೆ ಊಟ ಜಾಳಿಗೆ ಒಳಗೆ, ಬಾಗಿಲು ಹಾಕಿ. ತತ್ತಿ ಇಡುವ ಬುಟ್ಟಿಗಳನ್ನ ಮೂರು ಅಡಿ ಎತ್ತರಕ್ಕೆ ಕಟ್ಟಿದ್ದೇನೆ. ಒಡೆದ ತತ್ತಿಯನ್ನ ನಾಯಿಗೆ ಹಸಿಯಾಗಿ ಹಾಕುವುದಿಲ್ಲ. ಒಮ್ಮೆ ರುಚಿ ಹತ್ತಿದರೆ ಬುಟ್ಟಿ ಹುಡುಕಿಕೊಂಡು ಹೋಗುತ್ತದೆ.

ಕರಿಯಾಗೆ ಎರಡು ವರ್ಷ ತುಂಬಿದ ಮೇಲೆ ಎರಡನೇ ಮರಿ, ಚಂದ್ರಿ, ತಂದೆ. ಎರಡು ಮರಿ ಒಟ್ಟಿಗೆ ತಂದರೆ ಅವು ಆಡಿಕೊಳ್ಳುತ್ತವೆ, ಆಟಿಕೆ ನಮ್ಮ ಕೋಳಿ. ಚಂದ್ರಿ ಕಲಿತದ್ದು ಹೆಚ್ಚಾಗಿ ಕರಿಯಾನನ್ನ ನೋಡಿಯೇ. ಈಗ ರಾತ್ರಿ ನರಿ ಕೂಗಿದರೆ ಕರಿಯಾ ಬೇಲಿಗೆ ಹೋಗುತ್ತದೆ, ಚಂದ್ರಿ ಕೋಳಿಮನೆ ಬಾಗಿಲು ಬಿಟ್ಟು ಕದಲುವುದಿಲ್ಲ. ಇದನ್ನ ನಾನು ಕಲಿಸಿಲ್ಲ. ಚಿರತೆ ಭಯಕ್ಕೆ ಕುರಿಗಾರರ ಹಾಗೆ ಇಬ್ಬರ ಕೊರಳಿಗೂ ಮೊಳೆ ಪಟ್ಟಿ ಹಾಕಿದ್ದೇನೆ.

ನಾಯಿ ಇದೆ ಅಂತ ರಾತ್ರಿ ಕೋಳಿ ಹೊರಗೆ ಬಿಡುವುದಿಲ್ಲ. ಮುಂಗುಸಿ, ಹಾವು ಸಂದಿಯಲ್ಲಿ ನುಸುಳಿದರೆ ನಾಯಿಗೆ ಗೊತ್ತಾಗುವಷ್ಟರಲ್ಲಿ ಮುಗಿದಿರುತ್ತದೆ. ಗೂಡಿಗೆ ಅರ್ಧ ಇಂಚಿನ ಜಾಳಿಗೆಯೇ ಬೇಕು. ಹದ್ದು ಬಂದರೆ ಕರಿಯಾ ಮೇಲೆ ನೋಡಿ ಬೊಗಳುತ್ತದೆ, ಆದರೂ ಎರಡು ತಿಂಗಳ ಒಳಗಿನ ಮರಿಕೋಳಿಗಳನ್ನ ಬಯಲಿಗೆ ಬಿಡಲ್ಲ. ನಾಯಿಗೆ ಮೂರು ತಿಂಗಳಿಗೊಮ್ಮೆ ಜಂತಿನ ಔಷಧ. ಕೋಳಿಗೆ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ತಪ್ಪಿಸಿದರೆ ನರಿಯೇ ಬೇಕಾಗಿಲ್ಲ.

ಬೊಗಳಾಟದ ಬಗ್ಗೆ ಪಕ್ಕದ ಹೊಲದವರದು ದೂರು ಇದ್ದೇ ಇದೆ. ಅವರಿಗೆ ಆಗಾಗ ಒಂದು ಡಜನ್ ತತ್ತಿ ಹೋಗುತ್ತದೆ.

ಹೋದ ಸುಗ್ಗಿಗೆ ಕಾಕಾ ಮತ್ತೆ ಬಂದಿದ್ದ. ಮಧ್ಯಾಹ್ನ ಬೇವಿನ ನೆರಳಿಗೆ ಕರಿಯಾ ಮಲಗಿತ್ತು. ಒಂದು ಹ್ಯಾಟೆ ಅದರ ಕಿವಿಯಿಂದ ಉಣ್ಣಿ ಆರಿಸಿ ತಿನ್ನುತ್ತಿತ್ತು. ಕಾಕಾ ಬಹಳ ಹೊತ್ತು ನೋಡಿದ. "ನನ್ನ ನಾಯಿನ ಕೆಡಿಸಿಬಿಟ್ಟಿ ನೋಡು" ಅಂದ. ಹೋಗುವಾಗ ಇನ್ನೊಂದು ಹುಂಜ ಇಸಕೊಂಡು ಹೋದ.